ಕಪಾಟಿನಲ್ಲಿರುವ ಲೈಸನ್ಸು

ಹೆಂಗಸರು ಕಾರು ಬಿಡುವ ಮಾತು ಬಂದಾಗ ನಗದೆ ಇರುವ ಗಂಡಸರನ್ನು ನಮ್ಮ ಮಂಗಳೂರಿನಲ್ಲಿ ನಾನು ಕಂಡದ್ದು ಕಡಿಮೆ. ಬಂಟ್ಸ್ ಹಾಸ್ಟೆಲ್ ಹತ್ತಿರ ಒಂದು ಕಾರು ಅರ್ಧ ನಿಮಿಷ ನಿಂತುಬಿಟ್ಟರೆ ಸಾಕು, ಹಿಂದಿನ ರಿಕ್ಷಾದವನು, ಅವನ ಹಿಂದಿನ ಬೈಕಿನವನು, ಸಿಟಿಬಸ್ಸಿನ ಬಾಗಿಲಲ್ಲಿ ನೇತಾಡುವ ಕಂಡಕ್ಟರ್ ಎಲ್ಲರೂ ಕುತ್ತಿಗೆ ಉದ್ದ ಮಾಡಿ ನೋಡುತ್ತಾರೆ. ಸ್ಟೇರಿಂಗಿನ ಹಿಂದೆ ಗಂಡಸಿದ್ದರೆ ಗಾಡಿ ಹಾಳಾಗಿದೆ ಎಂದು ಅರ್ಥ. ಹೆಂಗಸಿದ್ದರೆ ಗಾಡಿ ಸರಿಯಾಗಿದೆ, ಬಿಡುವವಳು ಹಾಳು.

ಈ ನಗೆ ಈಗ ಮೊಬೈಲಿನಲ್ಲೂ ಬಂದು ಕೂತಿದೆ. ಸ್ಕೂಟರಿನ ಹುಡುಗಿಯೊಬ್ಬಳು ಬ್ರೇಕ್ ಹಾಕುವ ಬದಲು ಎರಡೂ ಕಾಲನ್ನು ನೆಲಕ್ಕೆ ಉಜ್ಜಿಕೊಂಡು ಅಂಗಡಿಯೊಳಗೆ ನುಗ್ಗುವ ವಿಡಿಯೋ ನೀವೂ ನೋಡಿರುತ್ತೀರಿ. ಅಂಥವಳಿಗೆ ಹಿಂದಿಯಲ್ಲಿ 'ಪಾಪಾ ಕೀ ಪರಿ' ಎಂದು ಹೆಸರು, ಅಪ್ಪನ ಮುದ್ದಿನ ದೇವಕನ್ನಿಕೆ. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಅದನ್ನು ಹಾಕುವವರು ಇಬ್ಬರು ಹೆಣ್ಣುಮಕ್ಕಳ ತಂದೆ. ಅದಕ್ಕೆ ನಗುಮುಖ ಒತ್ತುವವರಲ್ಲಿ ಅರ್ಧಕ್ಕರ್ಧ ಹೆಂಗಸರು.

ಕೇಂದ್ರ ಸರಕಾರ ವರ್ಷವರ್ಷ ರಸ್ತೆ ಅಪಘಾತಗಳ ವರದಿ ಹೊರಡಿಸುತ್ತದೆ. ಅದರಲ್ಲಿ ಸತ್ತವರ ಪಟ್ಟಿ ನೋಡಿದರೆ ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿ ಗಂಡಸರು. ರಸ್ತೆಯಲ್ಲಿ ಇರುವವರೇ ಅವರು, ಅದಕ್ಕೇ ಹಾಗೆ ಎನ್ನಬಹುದು. ಒಪ್ಪೋಣ. ಆದರೆ ಸಾವಿನ ಕಾರಣಗಳಲ್ಲಿ ಎಲ್ಲಕ್ಕಿಂತ ಮೇಲೆ ಬರೆದಿರುವುದು ಅತಿವೇಗ. ಕಾಲು ಉಜ್ಜಿಕೊಂಡು ಹೋಗುವ ಹುಡುಗಿಯ ತಲೆಗೆ ಈ ದೋಷವನ್ನು ಹೇಗೆ ಕಟ್ಟುವುದು? ನಂತೂರಿನಲ್ಲಿ, ಕೆಪಿಟಿಯಲ್ಲಿ ಟೈಮಿಂಗಿಗಾಗಿ ಒಂದರ ಮೇಲೊಂದು ಬೀಳುವಂತೆ ಹಾರುವ ಬಸ್ಸುಗಳನ್ನು ಯಾರ ಅಪ್ಪನ ದೇವಕನ್ನಿಕೆ ಓಡಿಸುತ್ತಿದ್ದಾಳೆ?

ನಗೆ ಹೊಸದಲ್ಲ, ನಮ್ಮದು ಮಾತ್ರವೂ ಅಲ್ಲ. ಅಮೆರಿಕದಲ್ಲಿರುವ ನನ್ನ ನಾದಿನಿಯ ಮಗಳು ಊರಿಗೆ ಬಂದಿದ್ದಾಗ ಅಲ್ಲಿಯ ಎರಡು ಹಳೆಯ ಹಾಸ್ಯ ಧಾರಾವಾಹಿಗಳನ್ನು ತನ್ನ ಕಂಪ್ಯೂಟರಿನಲ್ಲಿ ತೋರಿಸಿದಳು. ಒಂದು 'ಐ ಲವ್ ಲೂಸಿ'. 1955ರ ಜನವರಿಯಲ್ಲಿ ಬಂದ ಕಂತು. ಲೂಸಿ ಕಾರು ಕಲಿಯಲು ಹೊರಟು, ನದಿಯಡಿಯ ಸುರಂಗದ ನಡುವೆ ಗಾಡಿ ತಿರುಗಿಸಿ ಎಲ್ಲ ವಾಹನಗಳನ್ನೂ ನಿಲ್ಲಿಸುತ್ತಾಳೆ, ಹೊಸ ಕಾರನ್ನು ಜಜ್ಜಿ ತರುತ್ತಾಳೆ. ಲೂಸಿಲ್ ಬಾಲ್ ದೊಡ್ಡ ನಟಿ, ನಗು ಬಂದೇ ಬರುತ್ತದೆ. ಇನ್ನೊಂದು 'ದ ಬ್ರೇಡಿ ಬಂಚ್', 1974ರ ಜನವರಿಯದ್ದು. ಹುಡುಗಿಯರಿಗೆ ಕಾರು ಬಿಡಲು ಬರುವುದಿಲ್ಲ ಎಂದು ಅಣ್ಣ ಗ್ರೆಗ್ ಜಂಬ ಕೊಚ್ಚುತ್ತಾನೆ. ಟೆಸ್ಟಿನಲ್ಲಿ ಯಾರಿಗೆ ಹೆಚ್ಚು ಅಂಕ ನೋಡುವ ಎಂದು ತಂಗಿ ಮಾರ್ಶಾ ಪಂಥ ಕಟ್ಟುತ್ತಾಳೆ. ಟೆಸ್ಟಿನ ದಿನ ಪರೀಕ್ಷಕನ ಪಕ್ಕ ಕೂತವಳಿಗೆ ಕೈಕಾಲೇ ಆಡುವುದಿಲ್ಲ. ಎರಡನೇ ಸಲ ಪಾಸಾಗುತ್ತಾಳೆ. ಕೊನೆಗೆ ಖಾಲಿ ಜಾಗದಲ್ಲಿ ಅಣ್ಣ ತಂಗಿಗೆ ಸ್ಪರ್ಧೆ. ಅಡ್ಡ ಇಟ್ಟ ಗುರುತುಗಳ ನಡುವೆ ಕಾರು ಬಿಟ್ಟು ಬಂದು ಒಂದು ಮೊಟ್ಟೆಯ ಎದುರು ಅದು ಒಡೆಯದ ಹಾಗೆ ನಿಲ್ಲಿಸಬೇಕು. ಮೊಟ್ಟೆ ಒಡೆಯುವವನು ಅಣ್ಣ.

ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ನನಗೆ ಮೊಟ್ಟೆಯ ವಿಷಯದಲ್ಲಿ ಅಷ್ಟು ಉಮೇದು ಬರಲಿಲ್ಲ. ನಾನು ನೋಡಿದ್ದು ಬೇರೆ. ಆ ಹುಡುಗಿ ಫೇಲಾಗಿ ಬಂದಾಗ ಆ ಮನೆಯಲ್ಲಿ ಯಾರೂ "ಸಾಕು ಬಿಡು ಮಗಾ, ನಿನಗೆಂತಕ್ಕೆ ಅದೆಲ್ಲ" ಎನ್ನುವುದಿಲ್ಲ. ಪುನಃ ಹೋಗು ಎನ್ನುತ್ತಾರೆ. ಸ್ಪರ್ಧೆಯ ದಿನ ಕೀ ಅಣ್ಣನ ಕೈಗೂ ಬರುತ್ತದೆ, ತಂಗಿಯ ಕೈಗೂ ಬರುತ್ತದೆ. ನಮ್ಮಲ್ಲಿ ಇಂಥ ಕಥೆ ಬರೆಯಲು ಹೊರಟರೆ ಮೊಟ್ಟೆಯವರೆಗೆ ಹೋಗುವುದೇ ಇಲ್ಲ, ಮೊದಲ ದೃಶ್ಯದಲ್ಲೇ ಮುಗಿಯುತ್ತದೆ. ಏಕೆಂದರೆ ನಮ್ಮ ಹೆಣ್ಣುಮಕ್ಕಳು ಸೋಲುವುದು ಬ್ರೇಕ್ ಇನ್ಸ್‌ಪೆಕ್ಟರರ ಎದುರಿಗಲ್ಲ. ಅಲ್ಲಿ ಅವರು ಪಾಸಾಗಿಯೇ ಬರುತ್ತಾರೆ. ಅವರನ್ನು ಫೇಲು ಮಾಡುವುದು ಮನೆಯಂಗಳದಲ್ಲಿ.

ನಮ್ಮ ಬೀದಿಯಲ್ಲಿ ಒಬ್ಬರು ಇದ್ದಾರೆ. ಬ್ಯಾಂಕಿನಲ್ಲಿ ಕೆಲಸ, ದಿನವೂ ಲಕ್ಷಗಟ್ಟಲೆ ಲೆಕ್ಕ ನೋಡುವವರು. 2011ರಲ್ಲಿ ಕಾರಿನ ಲೈಸನ್ಸ್ ತೆಗೆದಿದ್ದರು. ಆ ಲೈಸನ್ಸಿನಿಂದ ಅವರಿಗೆ ಏನೂ ಉಪಯೋಗವಾಗಲಿಲ್ಲ ಎನ್ನುವ ಹಾಗಿಲ್ಲ, ಓಟು ಹಾಕುವಾಗ ಗುರುತಿನ ಚೀಟಿಯಾಗಿ ತೋರಿಸಿದ್ದಾರೆ. ಉಳಿದಂತೆ ಅದು ಕಪಾಟಿನಲ್ಲಿ, ಚಿನ್ನದ ಬಿಲ್ಲುಗಳ ಜೊತೆ. ಆಟಿಯ ಒಂದು ರಾತ್ರಿ, ಧಾರಾಕಾರ ಮಳೆ, ಒಂದೂವರೆ ಗಂಟೆಗೆ ಗಂಡನಿಗೆ ಎದೆನೋವು. ಕಾರು ಅಂಗಳದಲ್ಲೇ ಇದೆ. ಪೆಟ್ರೋಲೂ ಇದೆ. ಲೈಸನ್ಸ್ ಇರುವ ಹೆಂಗಸು ಕೊಡೆಯೂ ಹಿಡಿಯದೆ ಮೂರು ಮನೆ ದಾಟಿ ಓಡಿ, ಕಾಲೇಜಿಗೆ ಹೋಗುವ ಹುಡುಗನನ್ನು ಎಬ್ಬಿಸಿದರು. ಹುಡುಗ ಬಂದ, ಗೇಟು ತೆಗೆದ, ಆಸ್ಪತ್ರೆಗೆ ಮುಟ್ಟಿಸಿದ. ಅವರ ಗಂಡ ಈಗ ಚೆನ್ನಾಗಿದ್ದಾರೆ, ಸ್ಟೆಂಟ್ ಹಾಕಿದ್ದಾರೆ.

ನೋಡಲು ಹೋದವರೆಲ್ಲ ಹೇಳಿದ್ದು ಒಂದೇ: "ಪುಣ್ಯಕ್ಕೆ ಆ ಹುಡುಗ ಮನೆಯಲ್ಲಿದ್ದ." ಹೆಂಡತಿ ಯಾಕೆ ಕಾರು ತೆಗೆಯಲಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಆಮೇಲೆ ಒಂದು ದಿನ ಅವರೇ ನನ್ನ ಹತ್ತಿರ ಹೇಳಿದರು: "ಅಕ್ಕಾ, ಬಿಡುವುದು ಅತ್ತ ಇರಲಿ, ಇವರು ಕೀ ಎಲ್ಲಿ ಇಡುವುದಂತಲೇ ನನಗೆ ಗೊತ್ತಿರಲಿಲ್ಲ ಮಾರಾಯ್ರೆ."

ಇದು ಹೇಗಾಯಿತು ಎಂದು ಯಾರೂ ಕೇಳಬೇಕಾಗಿಲ್ಲ, ಮನೆಮನೆಯ ಕಥೆ. ಲೈಸನ್ಸ್ ಬಂದ ಮೊದಲ ಭಾನುವಾರ ಗಂಡ ಪಕ್ಕದಲ್ಲಿ ಕೂರುತ್ತಾನೆ. ಎದುರಿನಿಂದ ಆಟೋ ಬಂದರೆ "ಏ ಏ ಏ". ನಾಯಿ ಅಡ್ಡ ಬಂದರೆ ಹ್ಯಾಂಡ್‌ಬ್ರೇಕಿಗೆ ಕೈ. ಬಲ್ಮಠದ ಏರಿನಲ್ಲಿ ಗಾಡಿ ಆಫಾಗಿ ಒಂದು ಮೊಳ ಹಿಂದೆ ಬಂತೋ, ಮುಗಿಯಿತು. "ಇಳಿ, ಇಳಿ, ನಾನು ತೆಗೆಯುತ್ತೇನೆ." ಅವಳು ಇಳಿದು, ಹಿಂದಿನ ಹತ್ತು ಗಾಡಿಗಳ ಹಾರ್ನಿನ ನಡುವೆ ಸೆರಗು ಸರಿಪಡಿಸಿಕೊಳ್ಳುತ್ತಾ ಕಾರಿನ ಮುಂದಿನಿಂದ ನಡೆದು ಆಚೆ ಬದಿಯ ಸೀಟಿಗೆ ಹೋಗುತ್ತಾಳೆ. ಆ ಹತ್ತು ಹೆಜ್ಜೆ ಇದೆಯಲ್ಲ, ಹದಿನೈದು ವರ್ಷದ ಹೆದರಿಕೆ ಅದರಲ್ಲಿ ತಯಾರಾಗುತ್ತದೆ.

ನಮ್ಮದು ಗುಡ್ಡದ ಊರು. ಕದ್ರಿ, ಬಿಜೈ, ಬೆಂದೂರ್‌ವೆಲ್, ಎತ್ತ ಹೋದರೂ ಏರು, ಇಲ್ಲವಾದರೆ ಇಳಿಜಾರು. ಕಾಂಕ್ರೀಟು ಮಾಡಿದ ರಸ್ತೆಗಳ ಅಂಚು ಎಷ್ಟೋ ಕಡೆ ಮಣ್ಣಿನಿಂದ ಗೇಣೆತ್ತರ ಮೇಲೆ. ಇಲ್ಲಿ ಏರಿನಲ್ಲಿ ಹಾಫ್ ಕ್ಲಚ್ಚಿನಲ್ಲಿ ನಿಲ್ಲಿಸಿ ಪುನಃ ಎತ್ತುವುದು ಬಾರದವರು ಡ್ರೈವರಾಗಲಾರರು. ಅದು ಪುಸ್ತಕ ಓದಿ ಬರುವುದಲ್ಲ. ಐವತ್ತು ಸಲ ಆಫಾದ ಮೇಲೆ ಐವತ್ತೊಂದನೇ ಸಲ ಪಾದಕ್ಕೆ ತಾನಾಗಿ ತಿಳಿಯುತ್ತದೆ. ಗಂಡುಮಕ್ಕಳಿಗೆ ಆ ಐವತ್ತು ಸಲವನ್ನು ನಾವು ಲೆಕ್ಕವಿಡದೆ ಕೊಡುತ್ತೇವೆ. ಬಂಪರು ಒಡೆದು ತಂದರೆ "ಹುಡುಗರಲ್ವಾ" ಎನ್ನುತ್ತೇವೆ, ಗೋಡೆಗೆ ಉಜ್ಜಿದರೆ ಗೋಡೆಗೆ ಬೈಯುತ್ತೇವೆ. ಹೆಣ್ಣಿಗೆ ಸಿಗುವುದು ಒಂದು ಸಲ, ಅದೂ ಬಲ್ಮಠದ ಏರಿನಲ್ಲಿ.

ಗಂಡುಮಕ್ಕಳ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ 18 ತುಂಬದೆ ಗಾಡಿ ಮುಟ್ಟುವ ಹಾಗಿಲ್ಲ. 50 ಸಿಸಿ ಮೀರದ ಸಣ್ಣ ದ್ವಿಚಕ್ರಕ್ಕೆ ಮಾತ್ರ 16 ಸಾಕು. 2019ರ ತಿದ್ದುಪಡಿಯ ಮೇಲೆ ಅಪ್ರಾಪ್ತ ಮಕ್ಕಳು ಗಾಡಿ ಬಿಟ್ಟು ಅಪರಾಧವಾದರೆ ಹೆತ್ತವರಿಗೆ ಮೂರು ವರ್ಷದ ತನಕ ಜೈಲು, 25,000 ರೂಪಾಯಿ ದಂಡ, ಮಕ್ಕಳಿಗೆ 25 ವರ್ಷ ತುಂಬುವವರೆಗೆ ಲೈಸನ್ಸ್ ಇಲ್ಲ. ಹಾಗಿದ್ದೂ ಪಿಯುಸಿ ಹುಡುಗರು ಟ್ಯೂಷನಿಗೆ ಯಾವ ಬೈಕಿನಲ್ಲಿ ಹೋಗುತ್ತಾರೆ ಎಂದು ಬೆಳಿಗ್ಗೆ ಆರೂವರೆಗೆ ನಿಮ್ಮ ಗೇಟಿನಲ್ಲಿ ನಿಂತು ನೋಡಿ. ಕಾನೂನು ಬೇಡ ಎಂದರೂ ಹದಿನಾರಕ್ಕೇ ಮಗನಿಗೆ ಕೀ. ಕಾನೂನು ಆಗಬಹುದು ಎಂದು ಮುದ್ರೆಯೊತ್ತಿ ಕೊಟ್ಟರೂ ನಲವತ್ತಕ್ಕೂ ಅವನ ತಾಯಿಗೆ ಇಲ್ಲ.

ಅಳಿಯಸಂತಾನ ಕಟ್ಟಿನ ಊರು ನಮ್ಮದು ಎಂದು ಸಭೆಗಳಲ್ಲಿ ಹೆಮ್ಮೆಪಡುತ್ತೇವೆ. ಆಗಲೂ ಆಸ್ತಿ ಇಳಿಯುತ್ತಿದ್ದದ್ದು ಹೆಣ್ಣಿನ ಮೂಲಕ, ಯಜಮಾನಿಕೆ ಹೆಚ್ಚಾಗಿ ಮಾವನ ಕೈಯಲ್ಲಿ. ಈಗ ಕಾರಿನ ಆರ್.ಸಿ. ಮಗಳ ಹೆಸರಿನಲ್ಲಿ, ಕೀ ಅಳಿಯನ ಕಿಸೆಯಲ್ಲಿ. ಮದುವೆ ಹಾಲಿನ ಎದುರು ಹೂ ಸುತ್ತಿ ನಿಲ್ಲಿಸಿದ ಕಾರು ಹೆಣ್ಣಿನ ತಂದೆಯ ಹಣದ್ದು. ಆ ಮದುಮಗಳು ಸ್ಟೇರಿಂಗಿನ ಹಿಂದೆ ಕೂತು ಗಂಡನನ್ನು ಕೂರಿಸಿಕೊಂಡು ಹೋದದ್ದನ್ನು ಎಷ್ಟು ಮದುವೆಗಳಲ್ಲಿ ನೋಡಿದ್ದೀರಿ, ಹೇಳಿ.

ಇನ್ನು ಡ್ರೈವಿಂಗ್ ಸ್ಕೂಲು. ನಾನು ಕಾರು ಕಲಿಯಲು ಹೋದ ಸ್ಕೂಲಿನ ಕಾರಿನಲ್ಲಿ, ಎಲ್ಲ ಕಡೆಯ ಹಾಗೆ, ಮಾಸ್ಟ್ರ ಕಾಲ ಬುಡದಲ್ಲೂ ಬ್ರೇಕು, ಕ್ಲಚ್ಚು ಇತ್ತು. ಅಪಾಯ ತಪ್ಪಿಸಲು ಅದು ಬೇಕು, ಸಂಶಯವಿಲ್ಲ. ಆದರೆ ಮಾಸ್ಟ್ರು ಮೊದಲ ದಿನವೇ ಹೇಳಿದ್ದು: "ಮೇಡಂ, ನೀವು ಸ್ಟೇರಿಂಗ್ ಮಾತ್ರ ಹಿಡಿದುಕೊಳ್ಳಿ, ಬಾಕಿಯದ್ದು ನಾನು ನೋಡಿಕೊಳ್ಳುತ್ತೇನೆ." ನನ್ನ ಬ್ಯಾಚಿನ ಹುಡುಗನಿಗೆ ಮೂರನೇ ದಿನಕ್ಕೇ "ನೀನೇ ಎತ್ತು ಮಾರಾಯ" ಎಂದು ಬೈದು ಏರಿಗೆ ಬಿಟ್ಟರು. ನನಗೆ ಬೈಗಳು ಸಿಗಲಿಲ್ಲ, ಗೌರವ ಸಿಕ್ಕಿತು. ಹತ್ತು ದಿನವಾದರೂ ನಿಂತದ್ದು ನನ್ನ ಕಾಲಿನಿಂದಲೋ ಅವರ ಕಾಲಿನಿಂದಲೋ ಗೊತ್ತಾಗಲಿಲ್ಲ. ಹನ್ನೊಂದನೇ ದಿನ ನಾನು ಹೇಳಿದೆ: "ಮಾಸ್ಟ್ರೇ, ದಯವಿಟ್ಟು ನಿಮ್ಮ ಎರಡೂ ಕಾಲನ್ನು ಸೀಟಿನ ಅಡಿಗೆ ತೆಗೆದುಕೊಳ್ಳಿ." ಅವರು ನಕ್ಕರು, ಆದರೂ ಎಳೆದುಕೊಂಡರು. ಆ ದಿನ ಗಾಡಿ ಏಳು ಸಲ ಆಫಾಯಿತು. ಕಲಿತದ್ದು ಆ ದಿನವೇ.

ಟೆಸ್ಟಿನ ವಿಷಯದಲ್ಲಿ ನನ್ನ ಮಾತು ಕೆಲವು ಓದುಗರಿಗೆ ಕಹಿಯಾಗಬಹುದು. ಎಷ್ಟೋ ತಂದೆಯಂದಿರು ಮಗಳ ಮೇಲಿನ ಪ್ರೀತಿಯಿಂದಲೇ ಏಜೆಂಟರನ್ನು ಹಿಡಿಯುತ್ತಾರೆ. "ಬಿಸಿಲಿನಲ್ಲಿ ಅವಳು ಯಾಕೆ ನಿಲ್ಲಬೇಕು, ಎಲ್ಲ ಮಾತಾಡಿ ಆಗಿದೆ, ಹೋಗಿ ಒಂದು ಸುತ್ತು ಬಂದರೆ ಸಾಕು." ಇದು ಉಪಕಾರವಲ್ಲ. ನಿಯಮದಲ್ಲಿ ಎಲ್ಲ ಇದೆ: ಎಲ್‌ಎಲ್ ಸಿಕ್ಕಿ 30 ದಿನ ಕಳೆಯಬೇಕು, ಏರಿನಲ್ಲಿ ನಿಲ್ಲಿಸಿ ಎತ್ತಬೇಕು, ಹಿಂದಕ್ಕೆ ಬಿಡಬೇಕು, ಗುರುತು ನೋಡಿ ತಿರುಗಿಸಬೇಕು. ಫೇಲಾದರೆ ಏಳು ದಿನ ಬಿಟ್ಟು ಪುನಃ ಹೋಗಬಹುದು. ಮೂರು ಸಲ ಫೇಲಾದರೆ 60 ದಿನ ಕಾಯಬೇಕು, ಅಷ್ಟೆ. ಫೇಲಾದವರ ಮೂಗು ಕೊಯ್ಯುವುದಿಲ್ಲ. ಸರಿಯಾಗಿ ಟೆಸ್ಟ್ ಕೊಟ್ಟು ಪಾಸಾದ ಹುಡುಗಿಗೆ ಒಂದು ಧೈರ್ಯ ಇರುತ್ತದೆ. ಮುಂದೆ ಗಂಡನೋ ಅಣ್ಣನೋ "ನಿನಗೆ ಬರುವುದಿಲ್ಲ" ಎಂದರೆ "ಬರುತ್ತದೆ ಎಂದು ಸರಕಾರ ಬರೆದುಕೊಟ್ಟಿದೆ" ಎಂದು ಎದ್ದು ನಿಲ್ಲಬಹುದು. ಏಜೆಂಟರ ಕೈಯಿಂದ ಲೈಸನ್ಸ್ ಪಡೆದವಳಿಗೆ ಆ ಮಾತು ಬಾಯಿಗೆ ಬರುವುದಿಲ್ಲ. ತನಗೆ ಬರುವುದಿಲ್ಲ ಎಂದು ಅವಳಿಗೇ ಗೊತ್ತು. ಅಪ್ಪ ಹಣ ಕೊಟ್ಟು ಮಗಳ ಕೈಯಿಂದ ಕಿತ್ತುಕೊಂಡದ್ದು ಈ ಧೈರ್ಯವನ್ನೇ. ಆದ್ದರಿಂದ ಟೆಸ್ಟ್ ಕಠಿಣವಾಗಲಿ ಎನ್ನುವವಳು ನಾನು. ನಮ್ಮ ಹುಡುಗಿಯರಿಗೆ ರಿಯಾಯಿತಿ ಬೇಡ. ಹುಡುಗರಿಗೂ ಬೇಡ.

ಕಠಿಣ ಟೆಸ್ಟಿಗೆ ನಮ್ಮವರು ಹೆದರುವುದಿಲ್ಲ ಎಂಬುದಕ್ಕೆ ಸಾಕ್ಷಿ ಬೇಕಾದರೆ ದುಬೈಯಿಂದ ಬರುವ ನಮ್ಮೂರ ಹೆಂಗಸರನ್ನು ಕೇಳಿ. ಅಲ್ಲಿ ಲೈಸನ್ಸ್ ಸಿಗುವುದು ಸುಲಭವಲ್ಲ. ಕ್ಲಾಸುಗಳು, ಯಾರ್ಡ್ ಟೆಸ್ಟ್, ರಸ್ತೆಯ ಟೆಸ್ಟ್, ಮೂರು ನಾಲ್ಕು ಸಲ ಫೇಲಾಗಿ ಅತ್ತು ಪುನಃ ಹೋಗಿ ಪಾಸಾದವರಿದ್ದಾರೆ. ಆರು ಲೇನಿನ ರಸ್ತೆಯಲ್ಲಿ ಮಕ್ಕಳನ್ನು ಶಾಲೆಗೆ ಬಿಟ್ಟು ತಾವು ಕೆಲಸಕ್ಕೆ ಹೋಗುವವರು. ಅವರೇ ಬಜ್ಪೆಯಲ್ಲಿ ವಿಮಾನ ಇಳಿದದ್ದೇ ಕೀ ಗಂಡನ ಕೈಗೆ. ಕಾರಣ ಕೇಳಿದರೆ "ಅಲ್ಲಿ ರಸ್ತೆಯ ಬಲಬದಿಯಲ್ಲಿ ಹೋಗುವುದು, ಇಲ್ಲಿ ಎಡಬದಿ, ಇವಳಿಗೆ ಕನ್‌ಫ್ಯೂಸ್ ಆಗುತ್ತದೆ." ಇವರೂ ಬಂದದ್ದು ಅದೇ ವಿಮಾನದಲ್ಲಿ ಅಲ್ಲವೇ? ಇವರಿಗೆ ಎಡ ಯಾವುದು ಎಂದು ಆಕಾಶದಲ್ಲೇ ತಿಳಿಯಿತೇ?

ಪಕ್ಕದ ಸೌದಿಯಲ್ಲಿ 1990ರ ನವೆಂಬರಿನಲ್ಲಿ 47 ಹೆಂಗಸರು ರಿಯಾದಿನ ಬೀದಿಯಲ್ಲಿ ಕಾರು ಬಿಟ್ಟು ಶಿಕ್ಷೆ ಅನುಭವಿಸಿದರು. 2018ರ ಜೂನ್ 24ರಂದು ಅಲ್ಲಿ ನಿಷೇಧ ಹೋಯಿತು. ಜುಬೈಲಿನಲ್ಲೂ ದಮ್ಮಾಮಿನಲ್ಲೂ ಅಕ್ಕತಂಗಿಯರಿದ್ದ ನಮ್ಮೂರಿನಲ್ಲೂ ಅದನ್ನು ಟಿವಿಯಲ್ಲಿ ನೋಡಿ "ಅಂತೂ ಬಂತಲ್ಲ" ಎಂದವರಿದ್ದರು. ಸರಿಯೇ. ಆದರೆ ಅಲ್ಲಿ ಎದುರಿಸಲು ಒಂದು ನಿಷೇಧ ಎಂಬುದಿತ್ತು, ಅದು ಬಿದ್ದ ದಿನ ಯಾವುದೆಂದು ಹೇಳಬಹುದು. ನಮ್ಮಲ್ಲಿ ಯಾವ ಕಾನೂನೂ ತಡೆದಿಲ್ಲ. ಬೇಡ ಎಂದವರು ಯಾರೂ ಇಲ್ಲ. "ನಾನಿದ್ದೇನಲ್ಲ, ನಿನಗ್ಯಾಕೆ ಕಷ್ಟ" ಎನ್ನುವವರು ಮಾತ್ರ. ಈ ಪ್ರೀತಿಯ ವಿರುದ್ಧ ಯಾವ ಬೀದಿಯಲ್ಲಿ ಕಾರು ಬಿಟ್ಟು ತೋರಿಸುವುದು?

"ಬಸ್ಸಿದೆಯಲ್ಲ" ಎನ್ನುವವರಿದ್ದಾರೆ. 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೇಟಿಲ್ಲ. ಒಳ್ಳೆಯ ಯೋಜನೆ, ನಾನು ಅದರ ಪರವೇ. ಆದರೆ ಮಂಗಳೂರಿನ ಸಿಟಿ ಬಸ್ಸುಗಳು ಹೆಚ್ಚಿನವೂ ಖಾಸಗಿಯವು ಎಂದು ಬೆಂಗಳೂರಿನವರಿಗೆ ಯಾರು ಹೇಳಬೇಕು? ನಮ್ಮ ಹೆಂಗಸರು ಇಲ್ಲಿ ದುಡ್ಡು ಕೊಟ್ಟೇ ನಿಲ್ಲುತ್ತಾರೆ. ರಾತ್ರಿ ಪಾಳಿ ಮುಗಿಸಿ ಬರುವ ನರ್ಸಮ್ಮನಿಗೆ ಆ ಬಸ್ಸೂ ಇಲ್ಲ. ಹೆರಿಗೆಗೆ ಹೊರಟ ಮಗಳನ್ನು, ಬಿದ್ದು ಸೊಂಟ ಮುರಿದ ಅತ್ತೆಯನ್ನು ಬಸ್ಸಿನ ಫುಟ್‌ಬೋರ್ಡಿಗೆ ಹತ್ತಿಸುವುದು ಹೇಗೆ?

ನಮ್ಮ ಹೆಂಗಸರನ್ನೂ ನಾನು ಸುಮ್ಮನೆ ಬಿಡುವವಳಲ್ಲ. ಸ್ಕೂಟರಿನಲ್ಲಿ ಗ್ಯಾಸ್ ಸಿಲಿಂಡರು, ಮಗು, ಮೀನಿನ ಚೀಲ ಮೂರನ್ನೂ ಇಟ್ಟುಕೊಂಡು ಬಸ್ಸುಗಳ ನಡುವೆ ತೂರಿ ಹೋಗುವ ಹೆಂಗಸು, ನಾಲ್ಕು ಚಕ್ರದ, ಬಾಗಿಲಿರುವ, ಬೀಳದ ಗಾಡಿಯ ಮಾತೆತ್ತಿದರೆ "ಅಯ್ಯೋ, ಹೆದರಿಕೆಯಪ್ಪ" ಎನ್ನುತ್ತಾಳೆ. ಹೆದರಬೇಕಾದದ್ದು ಸ್ಕೂಟರಿಗೆ. ಸ್ಕೂಟರು ಅವಳ ಕೈಗೆ ಬಂದದ್ದು ಮನೆಯ ಕೆಲಸಕ್ಕೆ ಅನುಕೂಲ ಎಂಬ ಕಾರಣಕ್ಕೆ. ಆಗ ಯಾರೂ ಪಕ್ಕದಲ್ಲಿ ಕೂತು "ಏ ಏ" ಎನ್ನಲಿಲ್ಲ, ಏಕೆಂದರೆ ಸ್ಕೂಟರಿಗೆ ಪಕ್ಕ ಎಂಬುದೇ ಇಲ್ಲ. ಗಂಡ ತೀರಿಕೊಂಡ ಮನೆಗಳಲ್ಲಿ ವರ್ಷಾಂತಿಕಕ್ಕೆ ಮೊದಲೇ ಕಾರು ಮಾರಿಬಿಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. "ಬಿಡುವವರೇ ಇಲ್ಲ, ಸುಮ್ಮನೆ ಯಾಕೆ" ಎಂದು ಮೈದುನ ಹೇಳುತ್ತಾನೆ. ಬಿಡುವವಳು ಬಾಗಿಲ ಬಳಿ ಕಾಫಿ ಹಿಡಿದು ನಿಂತಿರುತ್ತಾಳೆ. ಅವಳೂ ತಲೆಯಾಡಿಸುತ್ತಾಳೆ.

ಕಾರು ಎಂಬುದನ್ನು ಮೊತ್ತಮೊದಲು ಪರವೂರಿಗೆ ಓಡಿಸಿದವಳೇ ಒಬ್ಬ ಹೆಂಗಸು. ಜರ್ಮನಿಯ ಬೆರ್ಟಾ ಬೆಂಜ್, 1888ರ ಆಗಸ್ಟಿನಲ್ಲಿ, ಕಾರು ಕಂಡುಹಿಡಿದ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು 100 ಕಿಲೋಮೀಟರಿಗೂ ದೂರದ ತಾಯಿಮನೆಗೆ ಹೋದಳು. ಇಂಧನದ ದಾರಿ ಕಟ್ಟಿದಾಗ ಟೊಪ್ಪಿಯ ಪಿನ್ನಿನಿಂದ ಬಿಡಿಸಿದಳು. ಬ್ರೇಕ್ ಸವೆದಾಗ ದಾರಿಯಲ್ಲಿ ಚಪ್ಪಲಿ ಹೊಲಿಯುವವನ ಹತ್ತಿರ ಅದಕ್ಕೆ ಚರ್ಮ ಹೊಡೆಸಿದಳು. ಅವಳು ಯಾರ ಹತ್ತಿರವೂ ಕೀ ಕೇಳಲಿಲ್ಲ, ನಿಜ, ಆ ಗಾಡಿಗೆ ಕೀಯೇ ಇರಲಿಲ್ಲ. ತಾಯಿಮನೆಗೆ ಹೋಗಲು ಹಟ ಹಿಡಿದ ಹೆಂಗಸು ಎಲ್ಲ ಊರಿನಲ್ಲೂ ಒಂದೇ.

ಕಪಾಟಿನಲ್ಲಿ ಲೈಸನ್ಸ್ ಇಟ್ಟವರಿಗೆ ನಾನು ಹೇಳುವುದು ಇಷ್ಟು. ಅದರ ಅವಧಿ ಮುಗಿದಿದೆಯೋ ನೋಡಿ. ಎರಡನೇ ಕೀ ಎಲ್ಲಿದೆ ಎಂದು ಇವತ್ತೇ ಕೇಳಿ, ನಿಮ್ಮ ಕೈಚೀಲದಲ್ಲಿ ಹಾಕಿಕೊಳ್ಳಿ. ಕೈ ತಪ್ಪಿ ಬಹಳ ವರ್ಷವಾಗಿದ್ದರೆ ಹತ್ತು ದಿನ ಪುನಃ ಸ್ಕೂಲಿಗೆ ಹೋಗಿ, ಮಾಸ್ಟ್ರ ಕಾಲು ಸೀಟಿನ ಅಡಿಗೆ ಹೋಗುವ ತನಕ ಫೀಸು ಕೊಡಬೇಡಿ. ಆಮೇಲೆ ಭಾನುವಾರ ಬೆಳಿಗ್ಗೆ ಆರಕ್ಕೆ, ಬಸ್ಸುಗಳು ಹೊರಡುವ ಮೊದಲು, ತಣ್ಣೀರುಬಾವಿಯ ಕಡೆಗೆ ತೆಗೆದುಕೊಂಡು ಹೋಗಿ. ಗಂಡ ನಾನೂ ಬರುತ್ತೇನೆ ಎಂದರೆ ಧಾರಾಳವಾಗಿ ಕರೆದುಕೊಂಡು ಹೋಗಿ, ಹಿಂದಿನ ಸೀಟಿನಲ್ಲಿ. ಅಲ್ಲಿಂದ ಹ್ಯಾಂಡ್‌ಬ್ರೇಕ್ ಸುಲಭಕ್ಕೆ ಎಟಕುವುದಿಲ್ಲ.

ನಮ್ಮ ಬೀದಿಯ ಆ ಬ್ಯಾಂಕಿನವರು ಈಗ ಕಾರಿನಲ್ಲೇ ಕೆಲಸಕ್ಕೆ ಹೋಗುತ್ತಾರೆ. ಮೊನ್ನೆ ಗೇಟಿನ ಕಂಬಕ್ಕೆ ಎಡಬದಿಯ ಕನ್ನಡಿ ತಾಗಿ ಬಿರುಕು ಬಿಟ್ಟಿತು. ಅವರ ಗಂಡ ಅಂಗಳದಲ್ಲಿ ನಿಂತು ನೋಡುತ್ತಿದ್ದರು. "ಕಂಬವೇ ಸ್ವಲ್ಪ ಈಚೆ ಉಂಟು" ಎಂದರು.